ಮಲಬದ್ಧತೆಗೆ ಫೇಜ್ ಚಿಕಿತ್ಸೆ: ಅಸ್ತ್ರವುಂಟು, ಗುರಿ ಯಾವುದು?

ರೋಗಗಳೊಳಗೂ ಒಂದು ಬಗೆಯ ಅಂತಸ್ತಿನ ಭೇದವುಂಟು. ಹೃದ್ರೋಗವನ್ನು ಕುರಿತು ನಾಲ್ಕು ಜನರ ನಡುವೆ ಗಂಭೀರವಾಗಿ ಮಾತನಾಡಬಹುದು. ಮಧುಮೇಹವಂತೂ ಮದುವೆಮನೆಯ ಊಟದ ಪಂಕ್ತಿಯಲ್ಲಿಯೇ ಚರ್ಚೆಗೆ ಬರುವ ವಿಷಯವಾಗಿ ಹೋಗಿದೆ. ಆದರೆ ಮಲಬದ್ಧತೆಯಿಂದ ವರ್ಷಗಟ್ಟಲೆ ನರಳುವವನು ತನ್ನ ಸಂಕಟವನ್ನು ವೈದ್ಯನ ಮುಂದೆ ಬಾಯಿಬಿಟ್ಟು ಹೇಳುವುದಕ್ಕೂ ನಾಚಿ, ಇಸಬ್ಗೋಲು, ತ್ರಿಫಲಾ ಚೂರ್ಣ, ಹರಳೆಣ್ಣೆ, ಔಷಧದಂಗಡಿಯವನು ಕೈಗೆ ಕೊಟ್ಟ ಗುಳಿಗೆ ಎಂದು ಒಂದಾದಮೇಲೊಂದನ್ನು ಪ್ರಯೋಗಿಸುತ್ತ ಕಾಲ ನೂಕುತ್ತಾನೆ. ವಯಸ್ಕರಲ್ಲಿ ನೂರಕ್ಕೆ ಸುಮಾರು 10ರಿಂದ 15 ಮಂದಿಯನ್ನು ಕಾಡುವ ಈ ವ್ಯಾಧಿಗೆ ತಕ್ಕಷ್ಟು ವಿದ್ವತ್ಪರಿಶ್ರಮವು ಸಲ್ಲದೆ ಹೋದುದಕ್ಕೆ ಅದರ ಸ್ವರೂಪದಲ್ಲಿರುವ ಈ ಲಜ್ಜೆಯೂ ಒಂದು ಕಾರಣವಾಗಿರಬಹುದು.

ಇಂಥ ಉಪೇಕ್ಷಿತ ರೋಗದ ಕಡೆಗೆ ಈಚೆಗೆ ಒಂದು ವಿಚಿತ್ರವಾದ ಔಷಧವು ಮುಖ ತಿರುಗಿಸಿದೆ. ಬ್ಯಾಕ್ಟೀರಿಯಾಗಳನ್ನು ಹುಡುಕಿ ಕೊಲ್ಲುವ ವೈರಸ್ಸುಗಳನ್ನು ರೋಗಿಗೆ ಕುಡಿಸಿ, ಕರುಳಿನಲ್ಲಿ ನೆಲೆಸಿರುವ ಸೂಕ್ಷ್ಮಜೀವಿಗಳಲ್ಲಿ ಉಪದ್ರವಕಾರಿಗಳಾದುವನ್ನು ಮಾತ್ರ ನಾಶಗೊಳಿಸಿ, ಆ ಮೂಲಕ ಕರುಳಿನ ಸಹಜಗತಿಯನ್ನು ಪುನಃಸ್ಥಾಪಿಸಬಹುದೆ ಎಂಬುದು ಪ್ರಶ್ನೆ. ವೈರಸ್ಸನ್ನು ಔಷಧವಾಗಿ ಕುಡಿಯುವುದೆಂದರೆ ಸಾಮಾನ್ಯ ಓದುಗನ ಮೈ ಜುಮ್ಮೆನ್ನಬಹುದು. ಆದರೆ ಇಲ್ಲಿ ಭಯಪಡಬೇಕಾದುದು ವೈರಸ್ಸಿಗಲ್ಲ, ಅವಸರದ ನಿರ್ಣಯಕ್ಕೆ. ಅದನ್ನು ವಿಶದಪಡಿಸುವುದೇ ಈ ಲೇಖನದ ಉದ್ದೇಶ.

ಮೊದಲು ರೋಗದ ಮಾತು. ದಿನಕ್ಕೊಂದು ಸಲ ಮಲವಿಸರ್ಜನೆಯಾಗದಿದ್ದರೆ ಅದೇ ಮಲಬದ್ಧತೆಯೆಂಬ ಭಾವನೆ ನಮ್ಮಲ್ಲಿ ರೂಢಮೂಲವಾಗಿದೆ. ವೈದ್ಯಶಾಸ್ತ್ರವು ಅಷ್ಟು ನಿಷ್ಠುರವಾದುದಲ್ಲ. ಜಗತ್ತಿನ ಜಠರರೋಗತಜ್ಞರು ಒಪ್ಪಿಕೊಂಡು ‘ರೋಮ್ ಲಕ್ಷಣಗಳು’ ಎಂದು ಕರೆದಿರುವ ಪಟ್ಟಿಯಲ್ಲಿ ವಾರಕ್ಕೆ ಮೂರು ಸಲಕ್ಕಿಂತ ಕಡಮೆಯಾಗುವುದು, ತಿಣುಕಬೇಕಾಗುವುದು, ಮಲವು ಗಂಟುಗಂಟಾಗಿ ಗಡುಸಾಗಿರುವುದು, ಪೂರ್ತಿಯಾಗಿ ಹೋಗಲಿಲ್ಲವೆಂಬ ಅತೃಪ್ತಿ ಉಳಿಯುವುದು ಮುಂತಾದುವು ಸೇರಿವೆ. ಇವುಗಳಲ್ಲಿ ಎರಡಾದರೂ ಮೂರು ತಿಂಗಳಿಂದ ಕಾಡುತ್ತಿದ್ದು, ತೊಂದರೆ ತೊಡಗಿ ಆರು ತಿಂಗಳಾದರೂ ಆಗಿದ್ದರೆ ಅದನ್ನು ದೀರ್ಘಕಾಲದ ಮಲಬದ್ಧತೆಯೆಂದು ಪರಿಗಣಿಸಲಾಗುತ್ತದೆ. ಆದರೆ ಹೀಗೆ ಒಂದೇ ಹೆಸರನ್ನು ಹೊತ್ತಿರುವ ವ್ಯಾಧಿಯ ಒಳಗೆ ಹಲವು ವ್ಯಾಧಿಗಳು ಅಡಗಿವೆ. ಕೆಲವರಲ್ಲಿ ದೊಡ್ಡಕರುಳಿನ ಚಲನೆಯೇ ಮಂದವಾಗಿರುತ್ತದೆ. ಕೆಲವರಲ್ಲಿ ಚಲನೆ ಸರಿಯಾಗಿದ್ದು, ವಿಸರ್ಜನೆಯ ಸಮಯದಲ್ಲಿ ಸಡಿಲವಾಗಬೇಕಾದ ಗುದದ್ವಾರದ ಮಾಂಸಖಂಡಗಳು ಸಡಿಲವಾಗುವುದಕ್ಕೆ ಬದಲು ಬಿಗಿದುಕೊಳ್ಳುತ್ತವೆ. ಮತ್ತೆ ಕೆಲವರಲ್ಲಿ ಇವೆರಡೂ ನೆಟ್ಟಗಿದ್ದು ಸಂಕಟವು ಮಾತ್ರ ಉಳಿದಿರುತ್ತದೆ. ಥೈರಾಯಿಡ್ ಗ್ರಂಥಿಯ ಮಾಂದ್ಯ, ಮಧುಮೇಹ, ಪಾರ್ಕಿನ್ಸನ್ ರೋಗ, ಕಬ್ಬಿಣಾಂಶದ ಗುಳಿಗೆ, ಅಫೀಮಿನ ವರ್ಗಕ್ಕೆ ಸೇರಿದ ನೋವುನಿವಾರಕಗಳು, ರಕ್ತದೊತ್ತಡಕ್ಕೆ ಕೊಡುವ ಕೆಲವು ಔಷಧಗಳು, ಇವೂ ಕರುಳನ್ನು ಜಡಗೊಳಿಸತಕ್ಕವೇ. ಈ ಕಾರಣವೈವಿಧ್ಯವನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು. ಮುಂದಿನ ವಿಚಾರವೆಲ್ಲ ಇದರ ಮೇಲೆಯೇ ನಿಂತಿದೆ.

ಇನ್ನು ಔಷಧದ ಮಾತು. ಬ್ಯಾಕ್ಟೀರಿಯೊಫೇಜ್ ಅಥವಾ ಸಂಕ್ಷೇಪವಾಗಿ ಫೇಜ್ ಎಂದು ಕರೆಯಲ್ಪಡುವ ಈ ವೈರಸ್ಸುಗಳು ಮನುಷ್ಯನ ಜೀವಕೋಶಗಳನ್ನು ಹೊಕ್ಕು ಅಲ್ಲಿ ವೃದ್ಧಿಯಾಗಲಾರವು. ಬ್ಯಾಕ್ಟೀರಿಯಾಗಳೇ ಅವುಗಳ ಏಕೈಕ ಆಶ್ರಯ, ಅವುಗಳಲ್ಲಿಯೂ ಒಂದೊಂದು ಫೇಜಿಗೆ ಒಂದೊಂದು ಜಾತಿ, ಎಷ್ಟೋ ವೇಳೆ ಒಂದು ಜಾತಿಯ ಕೆಲವು ವಂಶಗಳು ಮಾತ್ರ. ತನಗೆ ಒಪ್ಪುವ ಬ್ಯಾಕ್ಟೀರಿಯಾದ ಮೈಮೇಲೆ ಕುಳಿತ ಫೇಜು ತನ್ನ ಆನುವಂಶಿಕ ದ್ರವ್ಯವನ್ನು ಅದರೊಳಕ್ಕೆ ಚುಚ್ಚಿ, ಆ ಕೋಶದ ಯಂತ್ರಸಾಮಗ್ರಿಯನ್ನೆಲ್ಲ ತನ್ನ ಸಂತಾನದ ನಿರ್ಮಾಣಕ್ಕೆ ತೊಡಗಿಸಿ, ಅರ್ಧಗಂಟೆಯೊಳಗಾಗಿಯೇ ನೂರಾರು ಮರಿಫೇಜುಗಳು ಕೋಶಭಿತ್ತಿಯನ್ನು ಒಡೆದುಕೊಂಡು ಹೊರಬರುವಂತೆ ಮಾಡುವುದುಂಟು. ಶತ್ರುವಿರುವತನಕ ತಾನೇ ಹೆಚ್ಚುತ್ತ, ಶತ್ರು ಮುಗಿದೊಡನೆ ತಾನೂ ಕ್ಷೀಣಿಸುವ ಔಷಧ ಬೇರೊಂದಿಲ್ಲ. ಆದರೆ ಎಲ್ಲ ಫೇಜುಗಳೂ ಹೀಗೆ ಕೂಡಲೇ ಕೊಲ್ಲುವುವಲ್ಲ. ಕೆಲವು ಬ್ಯಾಕ್ಟೀರಿಯಾದ ವರ್ಣತಂತುವಿನಲ್ಲಿಯೇ ಬೆರೆತು ತಲೆತಲಾಂತರ ಸುಮ್ಮನಿದ್ದುಬಿಡುತ್ತವೆ. ಅಷ್ಟೇ ಅಲ್ಲ, ಕಾಲರಾ ರೋಗಾಣುವಿಗೆ ಅದರ ಮಾರಕವಿಷವನ್ನು ತಯಾರಿಸುವ ಶಕ್ತಿಯನ್ನು ತಂದುಕೊಟ್ಟುದು ಕೂಡ ಇಂಥದೊಂದು ಫೇಜೇ ಎಂಬುದು 1996ರಲ್ಲಿ ತಿಳಿದುಬಂದಿತು. ಆದುದರಿಂದ ಚಿಕಿತ್ಸೆಗೆ ಯಾವ ಫೇಜನ್ನು ಆರಿಸಬೇಕೆಂಬುದು ಲಘುವಾದ ವಿಷಯವಲ್ಲ.

ಫೇಜುಗಳ ಚರಿತ್ರೆಗೂ ನಮ್ಮ ದೇಶಕ್ಕೂ ಇರುವ ನಂಟು ಹಳೆಯದು. ಆಗ್ರಾದಲ್ಲಿ ಸರ್ಕಾರದ ಪ್ರಯೋಗಶಾಲೆಯಲ್ಲಿದ್ದ ಅರ್ನೆಸ್ಟ್ ಹ್ಯಾಂಕಿನ್ ಎಂಬ ಆಂಗ್ಲ ವಿಜ್ಞಾನಿಯು ಗಂಗಾ ಯಮುನೆಗಳ ನೀರಿಗೆ ಕಾಲರಾ ರೋಗಾಣುಗಳನ್ನು ಕೊಲ್ಲುವ ಶಕ್ತಿಯುಂಟೆಂದೂ, ಕುದಿಸಿದರೆ ಆ ಶಕ್ತಿಯು ನಷ್ಟವಾಗುವುದೆಂದೂ 1896ರಲ್ಲಿ ಪ್ರಕಟಿಸಿದನು. ಅದು ಫೇಜುಗಳ ಕಾರ್ಯವಾಗಿದ್ದಿರಬೇಕೆಂದು ಊಹಿಸುವುದಕ್ಕೆ ಇನ್ನೂ ಇಪ್ಪತ್ತು ವರ್ಷ ಹಿಡಿಯಿತು. 1915ರಲ್ಲಿ ಲಂಡನ್ನಿನ ಫ್ರೆಡರಿಕ್ ಟ್ವೋರ್ಟ್ ಇದರ ಸುಳಿವನ್ನು ಕಂಡನು. 1917ರಲ್ಲಿ ಪ್ಯಾರಿಸಿನ ಪಾಶ್ಚರ್ ಸಂಸ್ಥೆಯ ಫೆಲಿಕ್ಸ್ ದೆರೆಲ್, ಆಮಶಂಕೆಯಿಂದ ನರಳುತ್ತಿದ್ದ ಸೈನಿಕರ ಮಲವನ್ನು ಸೋಸಿ ತೆಗೆದ ದ್ರವವು ಅದೇ ರೋಗದ ಬ್ಯಾಕ್ಟೀರಿಯಾಗಳನ್ನು ಕರಗಿಸಿಬಿಡುವುದನ್ನು ಗುರುತಿಸಿ, ಅದರಲ್ಲಿರುವುದು ಬ್ಯಾಕ್ಟೀರಿಯಾಭಕ್ಷಕವಾದ ಅಗೋಚರಜೀವಿಯೆಂದು ಸಾರಿದನು. 1919ರಲ್ಲಿ ಪ್ಯಾರಿಸಿನ ಮಕ್ಕಳ ಆಸ್ಪತ್ರೆಯಲ್ಲಿ ತೀವ್ರವಾದ ಆಮಶಂಕೆಯಿಂದ ಬಳಲುತ್ತಿದ್ದ ಹನ್ನೆರಡು ವರ್ಷದ ಹುಡುಗನೊಬ್ಬನಿಗೆ ಈ ದ್ರವವನ್ನು ಕುಡಿಸುವುದಕ್ಕೆ ಮೊದಲು ದೆರೆಲನೂ ಆಸ್ಪತ್ರೆಯ ವೈದ್ಯರೂ ತಾವೇ ಅದನ್ನು ಕುಡಿದು ನಿರಪಾಯವೆಂದು ಖಚಿತಪಡಿಸಿಕೊಂಡರು, ಹುಡುಗನು ಚೇತರಿಸಿಕೊಂಡನು. ಫೇಜ್ ಚಿಕಿತ್ಸೆಯು ಹುಟ್ಟಿದುದೇ ಹೀಗೆ ಕರುಳಿನ ರೋಗದ ಹಾಸುಗೆಯ ಬಳಿಯಲ್ಲಿ. ದೆರೆಲನು 1927ರಲ್ಲಿ ಭಾರತಕ್ಕೆ ಬಂದು ಪಂಜಾಬಿನಲ್ಲಿ ಕಾಲರಾ ರೋಗಿಗಳ ಮೇಲೆಯೂ ಅದನ್ನು ಪ್ರಯೋಗಿಸಿದನು.

ಆಮೇಲೆ ಬಂದುದು ಪತನದ ಕಾಲ. 1934ರಲ್ಲಿ ಅಮೆರಿಕದ ಈಟನ್ ಮತ್ತು ಬೇನ್-ಜೋನ್ಸ್ ಎಂಬ ವಿದ್ವಾಂಸರು ಅದುವರೆಗಿನ ವರದಿಗಳನ್ನೆಲ್ಲ ಪರಾಮರ್ಶಿಸಿ, ಬಹುಮಟ್ಟಿಗೆ ಅವು ನಂಬಲರ್ಹವಾದ ಪ್ರಮಾಣಗಳಲ್ಲವೆಂದು ತೀರ್ಪಿತ್ತರು; 1940ರ ದಶಕದಲ್ಲಿ ಪೆನಿಸಿಲಿನ್ ಬಳಕೆಗೆ ಬಂದಮೇಲೆ ಪಶ್ಚಿಮದ ವೈದ್ಯರು ಫೇಜುಗಳನ್ನು ಮರೆತೇಬಿಟ್ಟರು. ದೆರೆಲನ ಮಿತ್ರನಾದ ಜಾರ್ಜ್ ಎಲಿಯಾವ ಎಂಬಾತನು 1923ರಲ್ಲಿ ಜಾರ್ಜಿಯ ದೇಶದ ಟ್‌ಬಿಲಿಸಿ ನಗರದಲ್ಲಿ ಸ್ಥಾಪಿಸಿದ ಸಂಸ್ಥೆಯು ಮಾತ್ರ, ಸಂಸ್ಥಾಪಕನೇ 1937ರಲ್ಲಿ ಸ್ಟಾಲಿನ್ನನ ಆಳ್ವಿಕೆಯ ಕ್ರೌರ್ಯಕ್ಕೆ ಬಲಿಯಾದಮೇಲೆಯೂ, ಈ ವಿದ್ಯೆಯನ್ನು ಉಳಿಸಿಕೊಂಡು ಬಂದಿತು. ಆಂಟಿಬಯೋಟಿಕ್‌ಗಳಿಗೆ ಬಗ್ಗದ ರೋಗಾಣುಗಳು ಹೆಚ್ಚಿದ ಈ ಕಾಲದಲ್ಲಿ ಹಳೆಯ ವಿದ್ಯೆಗೆ ಮರಳಿ ಮನ್ನಣೆ ಬಂದಿದೆ. 2016ರಲ್ಲಿ ಕ್ಯಾಲಿಫೋರ್ನಿಯದ ಸ್ಯಾನ್ ಡಿಯೇಗೊದಲ್ಲಿ, ಯಾವ ಔಷಧಕ್ಕೂ ಜಗ್ಗದ ಅಸಿನೆಟೊಬ್ಯಾಕ್ಟರ್ ಸೋಂಕಿನಿಂದ ಮರಣೋನ್ಮುಖನಾಗಿದ್ದ ಟಾಮ್ ಪ್ಯಾಟರ್ಸನ್ ಎಂಬ ಪ್ರಾಧ್ಯಾಪಕನು ಫೇಜುಗಳ ಪ್ರಯೋಗದಿಂದ ಬದುಕಿ ಎದ್ದುದು ಜಗತ್ತಿನ ಗಮನವನ್ನು ಸೆಳೆಯಿತು.

ಈ ಎಲ್ಲ ಕಥೆಗಳಲ್ಲಿಯೂ ಒಂದು ಸಾಮಾನ್ಯಾಂಶವುಂಟು. ಆಮಶಂಕೆಗೆ ಒಂದು ಗೊತ್ತಾದ ರೋಗಾಣುವಿದ್ದಿತು, ಕಾಲರಾಕ್ಕೆ ಒಂದಿದ್ದಿತು, ಪ್ಯಾಟರ್ಸನ್ನನ ಮೈಯನ್ನು ಹೊಕ್ಕಿದ್ದುದೂ ಒಂದೇ. ಅಪರಾಧಿಯು ಯಾರೆಂಬುದರಲ್ಲಿ ಸಂಶಯವಿರಲಿಲ್ಲ, ಅವನನ್ನು ಕೊಲ್ಲತಕ್ಕ ಫೇಜನ್ನು ಹುಡುಕುವುದೊಂದೇ ಉಳಿದಿದ್ದ ಕೆಲಸ. ಮಲಬದ್ಧತೆಯಲ್ಲಿ ಅಪರಾಧಿ ಯಾರು? ಕರುಳಿನಲ್ಲಿರುವ ಬ್ಯಾಕ್ಟೀರಿಯಾಗಳ ಸಂಖ್ಯೆಯನ್ನು 2016ರ ಒಂದು ಗಣನೆಯು 38 ಲಕ್ಷ ಕೋಟಿಯೆಂದು ಅಂದಾಜು ಮಾಡಿದೆ; ನಮ್ಮ ಸ್ವಂತ ಜೀವಕೋಶಗಳೇ ಸುಮಾರು 30 ಲಕ್ಷ ಕೋಟಿ. ನೂರಾರು ಜಾತಿಗಳ ಈ ಮಹಾಸಮುದಾಯದಲ್ಲಿ ಯಾವುದೋ ಒಂದರ ಕಡೆಗೆ ಬೆರಳು ತೋರಿಸಿ, ಇದೇ ಕರುಳನ್ನು ಕಟ್ಟಿಹಾಕಿತೆಂದು ಹೇಳುವ ಧೈರ್ಯ ಇಂದಿನ ವಿಜ್ಞಾನಕ್ಕೆ ಬಂದಿಲ್ಲ.

ಸೂಕ್ಷ್ಮಜೀವಿಗಳಿಗೂ ಕರುಳಿನ ಚಲನೆಗೂ ಸಂಬಂಧವೇ ಇಲ್ಲವೆಂದು ಇದರ ಅರ್ಥವಲ್ಲ. ಕರುಳಿನ ಚಲನೆಯನ್ನು ಪ್ರಚೋದಿಸುವ ಸೆರೊಟೋನಿನ್ ಎಂಬ ರಾಸಾಯನಿಕದ ಬಹುಪಾಲು ತಯಾರಾಗುವುದು ಮಿದುಳಿನಲ್ಲಲ್ಲ, ಕರುಳಿನ ಒಳಪದರದಲ್ಲಿ. ಅದರ ಉತ್ಪತ್ತಿಯನ್ನು ಅಲ್ಲಿಯ ಬ್ಯಾಕ್ಟೀರಿಯಾಗಳು ಏರಿಳಿಸಬಲ್ಲವು. ಮಲಬದ್ಧತೆಯುಳ್ಳವರ ಮಲದಲ್ಲಿರುವ ಸೂಕ್ಷ್ಮಜೀವಿಗಳನ್ನು ಇಲಿಗಳ ಕರುಳಿಗೆ ಸೇರಿಸಿದಾಗ ಆ ಇಲಿಗಳ ಕರುಳಿನ ವೇಗವೂ ಕುಂದಿತೆಂದು ಕೆಲವು ಪ್ರಯೋಗಗಳು ತೋರಿಸಿವೆ. ಆದರೆ ಇದಕ್ಕೆ ವಿರುದ್ಧವಾದ ದಿಕ್ಕಿನಲ್ಲಿಯೂ ವಾದವುಂಟು. ಮಲವು ಕರುಳಿನಲ್ಲಿ ಹೆಚ್ಚು ಹೊತ್ತು ನಿಂತಷ್ಟೂ ನಾರಿನಂಶವು ತೀರಿಹೋಗಿ, ಬ್ಯಾಕ್ಟೀರಿಯಾಗಳು ಪ್ರೋಟೀನನ್ನು ಕೊಳೆಯಿಸಿ ಬದುಕಬೇಕಾಗುತ್ತದೆ. ಆ ಸ್ಥಿತಿಗೆ ಒಗ್ಗುವ ಜಾತಿಗಳು ಹೆಚ್ಚುತ್ತವೆ, ಒಗ್ಗದವು ಅಳಿಯುತ್ತವೆ. ಬೆಲ್ಜಿಯಮಿನ ಸಂಶೋಧಕರು 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮಲದ ಗಡುಸು ಮೃದುತ್ವಗಳಿಗೂ ಅದರಲ್ಲಿಯ ಸೂಕ್ಷ್ಮಜೀವಿಗಳ ವೈವಿಧ್ಯಕ್ಕೂ ಗಾಢವಾದ ಸಂಬಂಧವು ಕಂಡುಬಂದಿತು. ಸಂಬಂಧವೇನೋ ಸ್ಪಷ್ಟ, ಆದರೆ ಯಾವುದು ಕಾರಣ, ಯಾವುದು ಕಾರ್ಯ? ಹರಿವು ನಿಂತ ಕಾಲುವೆಯಲ್ಲಿ ಪಾಚಿ ಬೆಳೆದುದನ್ನು ಕಂಡು, ಪಾಚಿಯೇ ನೀರನ್ನು ನಿಲ್ಲಿಸಿತೆಂದು ತೀರ್ಮಾನಿಸುವುದು ಸುಲಭ. ಪಾಚಿಯನ್ನು ತೆಗೆದಮೇಲೂ ನೀರು ಹರಿಯದಿದ್ದಾಗ ಮಾತ್ರ ಮೇಲಿನ ತೂಬನ್ನು ನೋಡಬೇಕಾಗಿದ್ದಿತೆಂಬ ವಿವೇಕ ಬರುತ್ತದೆ.

ಅಪರಾಧಿಯ ಪಟ್ಟಕ್ಕೆ ಅತ್ಯಂತ ಸಮೀಪವಾಗಿರುವ ಒಂದು ಜೀವಿಯುಂಟು. ಅದರ ಹೆಸರು ಮೆಥನೊಬ್ರೆವಿಬ್ಯಾಕ್ಟರ್ ಸ್ಮಿಥಿಯೈ. ಇದು ಕರುಳಿನಲ್ಲಿ ಮೀಥೇನ್ ಅನಿಲವನ್ನು ಉತ್ಪತ್ತಿ ಮಾಡುತ್ತದೆ. ಉಸಿರಿನಲ್ಲಿ ಮೀಥೇನ್ ಕಾಣಿಸಿಕೊಳ್ಳುವವರಲ್ಲಿ ಮಲಬದ್ಧತೆಯು ಹೆಚ್ಚೆಂದು ಹಲವು ಅಧ್ಯಯನಗಳು ಹೇಳಿವೆ. ನಾಯಿಗಳ ಮೇಲೆ ನಡೆಸಿದ ಪ್ರಯೋಗದಲ್ಲಿ ಮೀಥೇನು ಕರುಳಿನ ಸಾಗಾಟವನ್ನು ನೇರವಾಗಿ ತಗ್ಗಿಸಿದುದೂ ಕಂಡಿದೆ. ಹಾಗಾದರೆ ಇದನ್ನೇ ಫೇಜುಗಳಿಂದ ಕೊಲ್ಲಿಸಬಹುದಲ್ಲ ಎಂದು ಓದುಗರು ಕೇಳಬಹುದು. ವಿಧಿಯ ವಿನೋದವೆಂದರೆ, ಹೆಸರಿನಲ್ಲಿ ‘ಬ್ಯಾಕ್ಟರ್’ ಎಂದಿದ್ದರೂ ಈ ಜೀವಿಯು ಬ್ಯಾಕ್ಟೀರಿಯಾವೇ ಅಲ್ಲ. 1977ರಲ್ಲಿ ಕಾರ್ಲ್ ವೋಸ್ ಮತ್ತು ಅವನ ಸಹೋದ್ಯೋಗಿಯು ಪ್ರತ್ಯೇಕವಾದುದೆಂದು ತೋರಿಸಿಕೊಟ್ಟ ಆರ್ಕಿಯಾ ಎಂಬ ಜೀವವರ್ಗಕ್ಕೆ ಅದು ಸೇರಿದುದು. ಬ್ಯಾಕ್ಟೀರಿಯಾಗಳಿಗೆಂದು ಸಿದ್ಧವಾದ ಫೇಜುಗಳು ಅದನ್ನು ಮುಟ್ಟಲಾರವು.

ಮತ್ತೊಂದು ವೈಪರೀತ್ಯವನ್ನು ನೋಡಿರಿ. ದೆರೆಲನು ಫೇಜನ್ನು ಘೋಷಿಸಿದ ಅದೇ 1917ರಲ್ಲಿ, ಜರ್ಮನಿಯ ಆಲ್ಫ್ರೆಡ್ ನಿಸ್ಲೆ ಎಂಬ ವೈದ್ಯನು, ಸುತ್ತಲಿನವರಿಗೆಲ್ಲ ಆಮಶಂಕೆ ತಗುಲಿದರೂ ತಾನು ಆರೋಗ್ಯವಾಗಿದ್ದ ಒಬ್ಬ ಸೈನಿಕನ ಮಲದಿಂದ ಇ. ಕೋಲೈ ಬ್ಯಾಕ್ಟೀರಿಯಾದ ಒಂದು ವಂಶವನ್ನು ಬೇರ್ಪಡಿಸಿದನು. ಆ ವಂಶವನ್ನೇ ಜೀವಂತವಾಗಿ ತುಂಬಿದ ಗುಳಿಗೆಯು ಜರ್ಮನಿಯಲ್ಲಿ ದೀರ್ಘಕಾಲದ ಮಲಬದ್ಧತೆಗೆ ಔಷಧವಾಗಿ ಬಳಕೆಯಲ್ಲಿದೆ. ಇತ್ತ ಇಂದು ಪರೀಕ್ಷೆಗೆ ಒಳಗಾಗಿರುವ ಕರುಳಿನ ಫೇಜುಗಳಲ್ಲಿ ಅನೇಕವು ಇ. ಕೋಲೈಯನ್ನು ಕೊಲ್ಲತಕ್ಕವು. ಒಂದೇ ಜಾತಿಯ ಜೀವಿಯನ್ನು ಒಬ್ಬನು ಔಷಧವಾಗಿ ಕೊಡುವಾಗ ಇನ್ನೊಬ್ಬನು ಅದನ್ನು ರೋಗವೆಂದು ಕೊಲ್ಲಹೊರಟರೆ, ನಮ್ಮ ತಿಳಿವಳಿಕೆಯು ಎಷ್ಟು ಅಪಕ್ವವೆಂಬುದು ವೇದ್ಯವಾಗುತ್ತದೆ. ವಂಶಗಳು ಬೇರೆ ಬೇರೆ ಎಂಬ ಸಮಾಧಾನವನ್ನು ಹೇಳಬಹುದು. ಹೌದು, ಯಾವ ವಂಶವು ಹಿತ, ಯಾವುದು ಅಹಿತ ಎಂಬುದನ್ನು ಮೊದಲು ನಿರ್ಣಯಿಸಬೇಕೆಂಬುದೇ ನನ್ನ ವಾದವೂ ಆಗಿದೆ.

ಅಪಕ್ವವಾದ ಸಿದ್ಧಾಂತದ ಮೇಲೆ ಚಿಕಿತ್ಸೆಯನ್ನು ಕಟ್ಟಿದರೆ ಏನಾಗುವುದೆಂಬುದಕ್ಕೆ ಇದೇ ರೋಗದ ಚರಿತ್ರೆಯಲ್ಲಿ ನಿದರ್ಶನವುಂಟು. 1908ರಲ್ಲಿ ನೊಬೆಲ್ ಪಾರಿತೋಷಕವನ್ನು ಪಡೆದ ಇಲ್ಯಾ ಮೆಚ್ನಿಕೋವ್, ದೆರೆಲನು ಮುಂದೆ ಕೆಲಸಮಾಡಿದ ಅದೇ ಪಾಶ್ಚರ್ ಸಂಸ್ಥೆಯಲ್ಲಿದ್ದವನು. ದೊಡ್ಡಕರುಳಿನಲ್ಲಿ ನಿಂತ ಮಲದಿಂದ ಬ್ಯಾಕ್ಟೀರಿಯಾಗಳು ವಿಷವನ್ನು ಉತ್ಪತ್ತಿ ಮಾಡಿ ಮುಪ್ಪನ್ನು ಬೇಗ ತರುತ್ತವೆಂದು ಅವನು ನಂಬಿದನು. ಅವನು ಸೂಚಿಸಿದ ಪರಿಹಾರವು ಹುಳಿಮೊಸರಾದುದರಿಂದ ಯಾರಿಗೂ ಕೇಡಾಗಲಿಲ್ಲ. ಆದರೆ ಲಂಡನ್ನಿನ ಖ್ಯಾತ ಶಸ್ತ್ರವೈದ್ಯನಾದ ಅರ್ಬತ್ನಾಟ್ ಲೇನ್, ಈ ಸ್ವವಿಷಸಿದ್ಧಾಂತವನ್ನು ತರ್ಕದ ತುದಿಗೆ ಒಯ್ದು, ಮಲಬದ್ಧತೆಯುಳ್ಳವರ ದೊಡ್ಡಕರುಳನ್ನೇ ಕತ್ತರಿಸಿ ತೆಗೆಯುವುದಕ್ಕೆ ತೊಡಗಿದನು. ಆ ಶಸ್ತ್ರಕ್ರಿಯೆಯಿಂದ ಪ್ರಾಣ ಕಳೆದುಕೊಂಡವರೂ ಇದ್ದರು. ಸಿದ್ಧಾಂತವು ಮಾತ್ರ ಪ್ರಮಾಣಕ್ಕೆ ನಿಲ್ಲದೆ ಬಿದ್ದುಹೋಯಿತು. ಕರುಳಿನ ಬ್ಯಾಕ್ಟೀರಿಯಾಗಳ ಮೇಲೆ ಸಕಲ ದೋಷಗಳನ್ನೂ ಹೊರಿಸುವ ಉತ್ಸಾಹವು ಈಗ ಹೊಸ ವೇಷದಲ್ಲಿ ಮರಳಿರುವಾಗ ಲೇನನ ಕಥೆಯು ಸ್ಮರಣೀಯವಾದುದು.

ಹಾಗೆಂದು ಪರೀಕ್ಷೆಯೇ ಬೇಡವೆಂದು ಹೇಳುವುದು ಇನ್ನೊಂದು ತಪ್ಪಾದೀತು. ಬಾಯಿಯ ಮೂಲಕ ಫೇಜನ್ನು ಕೊಡುವ ವಿಧಾನವು ನಿರಪಾಯವೆಂಬುದಕ್ಕೆ ಈಗಾಗಲೇ ಸಾಕಷ್ಟು ಆಧಾರವಿದೆ. ನಮ್ಮ ಕರುಳೇ ಫೇಜುಗಳ ನಿತ್ಯನಿವಾಸ. 2014ರಲ್ಲಿ ಪತ್ತೆಯಾದ ಕ್ರ್ಯಾಸ್‌ಫೇಜ್ ಎಂಬುದೊಂದು ಲೋಕದ ಬಹುಸಂಖ್ಯಾಕ ಜನರ ಕರುಳಿನಲ್ಲಿ ಯಾವ ಉಪದ್ರವವನ್ನೂ ಮಾಡದೆ ವಾಸಿಸುತ್ತಿದ್ದರೂ ಅಷ್ಟು ಕಾಲ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಅಮೆರಿಕದ ಕೊಲರಾಡೊದಲ್ಲಿ ಹೊಟ್ಟೆಯ ಅಸ್ವಸ್ಥತೆಯನ್ನು ಹೇಳಿಕೊಂಡ, ಮಿಕ್ಕಂತೆ ಆರೋಗ್ಯವಂತರಾದ ವಯಸ್ಕರಿಗೆ ನಾಲ್ಕು ಫೇಜುಗಳ ಮಿಶ್ರಣವನ್ನು 28 ದಿನ ಕೊಟ್ಟು ನಡೆಸಿ, 2019ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ ಅಪಾಯವೇನೂ ಕಾಣಲಿಲ್ಲ. ಕರುಳಿನ ಸೂಕ್ಷ್ಮಜೀವಿಗಳ ಒಟ್ಟು ಸಮುದಾಯವೂ ಕಲಕಲಿಲ್ಲ. ಇಸ್ರೇಲಿನ ವೈಜ್‌ಮನ್ ಸಂಸ್ಥೆಯವರು ಕರುಳಿನ ಉರಿಯೂತಕ್ಕೆ ಸಂಬಂಧಪಟ್ಟ ಕ್ಲೆಬ್ಸಿಯೆಲ್ಲ ಬ್ಯಾಕ್ಟೀರಿಯಾದ ವಿರುದ್ಧ ಫೇಜುಗಳ ಕೂಟವೊಂದನ್ನು ರಚಿಸಿ, ಆರೋಗ್ಯವಂತ ಸ್ವಯಂಸೇವಕರಲ್ಲಿ ಅವು ಜೀವಂತವಾಗಿ ಕರುಳನ್ನು ತಲಪುವುದನ್ನು 2022ರಲ್ಲಿ ವರದಿ ಮಾಡಿದರು.

ಆದರೆ ನಿರಪಾಯವೆಂಬುದು ಫಲಕಾರಿಯೆಂಬುದಕ್ಕೆ ಪರ್ಯಾಯಪದವಲ್ಲ. ಇದನ್ನು ಢಾಕಾ ನಗರದ ಅನುಭವವು ಸ್ಪಷ್ಟಪಡಿಸಿದೆ. ಅಲ್ಲಿ ಅತಿಸಾರದಿಂದ ಬಳಲುತ್ತಿದ್ದ 120 ಗಂಡುಮಕ್ಕಳನ್ನು ವಿಂಗಡಿಸಿ, ಕೆಲವರಿಗೆ ಇ. ಕೋಲೈಯನ್ನು ಕೊಲ್ಲುವ ಫೇಜುಗಳನ್ನೂ ಕೆಲವರಿಗೆ ಫೇಜಿಲ್ಲದ ದ್ರವವನ್ನೂ ಕೊಟ್ಟು ಪರೀಕ್ಷಿಸಲಾಯಿತು. 2016ರಲ್ಲಿ ಪ್ರಕಟವಾದ ಫಲಿತಾಂಶವು ಇಷ್ಟು: ಫೇಜುಗಳಿಂದ ಕೇಡಾಗಲಿಲ್ಲ, ಮರುಜಲೀಕರಣವೇ ಮೊದಲಾದ ವಾಡಿಕೆಯ ಶುಶ್ರೂಷೆಗಿಂತ ಹೆಚ್ಚಿನ ಮೇಲೂ ಆಗಲಿಲ್ಲ, ಫೇಜುಗಳು ಕರುಳಿನಲ್ಲಿ ವಿಶೇಷವಾಗಿ ವೃದ್ಧಿಯಾಗದೆ ಬಂದಂತೆಯೇ ಹೊರಟುಹೋದುವು. ಆ ಮಕ್ಕಳ ಮಲದಲ್ಲಿ ಇ. ಕೋಲೈಯ ಪಾಲು ಅತ್ಯಲ್ಪವಾಗಿದ್ದಿತು. ಬೇಟೆ ವಿರಳವಾಗಿರುವೆಡೆಯಲ್ಲಿ ಬೇಟೆಗಾರನು ಹೆಚ್ಚಲಾರನು. ರೋಗಾಣುವು ಬಹುಮಟ್ಟಿಗೆ ಪರಿಚಿತವಾಗಿದ್ದ ಅತಿಸಾರದಲ್ಲಿಯೇ ಹೀಗಾದಮೇಲೆ, ರೋಗಾಣುವು ಉಂಟೋ ಇಲ್ಲವೋ ಎಂಬುದೇ ಸಂದಿಗ್ಧವಾಗಿರುವ ಮಲಬದ್ಧತೆಯಲ್ಲಿ ಎಷ್ಟು ಎಚ್ಚರವಿದ್ದರೂ ಸಾಲದು.

ಹಾಗಾದರೆ ಮಲಬದ್ಧತೆಯಲ್ಲಿ ಫೇಜಿನ ಪರೀಕ್ಷೆಯು ಹೇಗಿರಬೇಕು? ಪ್ರಥಮತಃ, ಮಾಂಸಖಂಡಗಳ ಬಿಗಿತದಿಂದಲೋ ಥೈರಾಯಿಡ್ ಮಾಂದ್ಯದಿಂದಲೋ ಔಷಧಗಳ ದೆಸೆಯಿಂದಲೋ ಮಲಬದ್ಧತೆಯುಂಟಾದವರನ್ನು ಬೇರ್ಪಡಿಸಿ, ಕರುಳಿನ ಚಲನೆಯೇ ಮಂದವಾಗಿರುವವರನ್ನು ಮಾತ್ರ ಆರಿಸಿಕೊಳ್ಳಬೇಕು. ಎಕ್ಸ್‌ರೇಯಲ್ಲಿ ಕಾಣುವ ಸಣ್ಣ ಉಂಗುರಗಳನ್ನು ನುಂಗಿಸಿ ಅವು ಎಷ್ಟು ದಿನಕ್ಕೆ ಹೊರಬೀಳುವುವೆಂದು ನೋಡುವುದರಿಂದ ಇದನ್ನು ಅಳೆಯಬಹುದು. ಎರಡನೆಯದಾಗಿ, ಫೇಜು ಯಾವ ಬ್ಯಾಕ್ಟೀರಿಯಾವನ್ನು ಕೊಲ್ಲಬೇಕೆಂದಿದೆಯೋ ಅದು ಆ ರೋಗಿಯ ಕರುಳಿನಲ್ಲಿ ಇದೆಯೆಂಬುದು ಮೊದಲೇ ಸಿದ್ಧಪಟ್ಟಿರಬೇಕು. ಮೂರನೆಯದಾಗಿ, ಜಠರದ ಆಮ್ಲವು ಫೇಜುಗಳನ್ನು ನಾಶಮಾಡುವುದರಿಂದ ಅವುಗಳಿಗೆ ತಕ್ಕ ರಕ್ಷಣೆಯೊದಗಿಸಿ, ಕರುಳನ್ನು ಸೇರಿದಮೇಲೆ ಅವು ವೃದ್ಧಿಯಾದುವೆ, ಗುರಿಯಾದ ಬ್ಯಾಕ್ಟೀರಿಯಾ ಕಡಮೆಯಾಯಿತೆ, ಫೇಜಿಗೆ ಬಗ್ಗದ ವಂಶವು ತಲೆಯೆತ್ತಿತೆ ಎಂಬುದನ್ನು ಮಲಪರೀಕ್ಷೆಯಿಂದ ಕಾಲಕಾಲಕ್ಕೆ ಕಂಡುಕೊಳ್ಳಬೇಕು. ಕಡೆಯದಾಗಿ, ಕೊಟ್ಟುದು ಫೇಜೋ ಬರಿಯ ದ್ರವವೋ ಎಂಬುದು ರೋಗಿಗೂ ವೈದ್ಯನಿಗೂ ತಿಳಿಯದಂತೆ ಪರೀಕ್ಷೆಯು ನಡೆಯಬೇಕು. ಏಕೆಂದರೆ ಕರುಳಿನ ರೋಗಗಳಲ್ಲಿ ಔಷಧವಿಲ್ಲದ ಗುಳಿಗೆಯನ್ನು ನುಂಗಿಯೂ ಹಗುರವಾಯಿತೆನ್ನುವವರ ಸಂಖ್ಯೆ ಸಣ್ಣದಲ್ಲ. ರೋಗಿಗಳು ದಿನಚರಿಯಲ್ಲಿ ಬರೆದಿಟ್ಟ, ತಿಣುಕದೆ ಸರಾಗವಾಗಿ ಪೂರ್ಣವಾದ ವಿಸರ್ಜನೆಗಳ ಸಂಖ್ಯೆಯು ವಾರವಾರಕ್ಕೂ ಹೆಚ್ಚಿತೆ ಎಂಬುದೇ ಕೊನೆಯ ಅಳತೆಗೋಲಾಗಬೇಕು.

ಇಂಥ ಪರೀಕ್ಷೆಯಿಂದ ರೋಗಿಗೆ ಗುಣವಾಗದಿದ್ದರೂ ವಿಜ್ಞಾನಕ್ಕೆ ಲಾಭವುಂಟು. ಆಂಟಿಬಯೋಟಿಕ್ ನೂರು ಜಾತಿಗಳನ್ನು ಒಟ್ಟಿಗೆ ಕೊಲ್ಲುವುದರಿಂದ, ಗುಣವಾದರೂ ಯಾವುದರ ಅಳಿವಿನಿಂದ ಗುಣವಾಯಿತೆಂದು ಹೇಳಬರುವುದಿಲ್ಲ. ಫೇಜು ಒಂದನ್ನೇ ಕೊಲ್ಲುವುದು. ಆ ಒಂದು ಕುಗ್ಗಿದಾಗ ಕರುಳಿನ ಗತಿಯು ಚುರುಕಾದರೆ ಅಪರಾಧವು ಸಿದ್ಧವಾದಂತೆ, ಆಗದಿದ್ದರೆ ಆ ಜೀವಿಯು ನಿರ್ದೋಷಿಯೆಂದು ಸಾಬೀತಾದಂತೆ. ಕಾರಣವೋ ಕಾರ್ಯವೋ ಎಂಬ ಮೇಲಿನ ವಿವಾದವನ್ನು ಮನುಷ್ಯನ ದೇಹದಲ್ಲಿಯೇ ತೀರ್ಮಾನಿಸುವುದಕ್ಕೆ ಇದಕ್ಕಿಂತ ಸೂಕ್ಷ್ಮವಾದ ಉಪಕರಣವು ನಮ್ಮ ಕೈಯಲ್ಲಿಲ್ಲ. ಫೇಜಿನ ಮೊದಲನೆಯ ಉಪಯೋಗವು ಮಲಬದ್ಧತೆಯಲ್ಲಿ ಚಿಕಿತ್ಸೆಗಿಂತಲೂ ವಿಚಾರಣೆಗೇ ಸಲ್ಲತಕ್ಕದ್ದೆಂದು ನನಗೆ ತೋರುತ್ತದೆ.

ಈ ವಿಚಾರಣೆಯು ಮುಗಿಯುವ ಮುನ್ನವೇ ಫೇಜುಗಳನ್ನು ತುಂಬಿದ ಗುಳಿಗೆಗಳು ಜೀರ್ಣಸಹಾಯಕಗಳೆಂಬ ಹೆಸರಿನಲ್ಲಿ ಪರದೇಶಗಳ ಅಂಗಡಿಗಳಲ್ಲಿ ಕಾಣಿಸಿಕೊಂಡಿವೆ. ಮಲಬದ್ಧತೆಯಿಂದ ಪೀಡಿತರಾದ ಓದುಗರು ಅವುಗಳಿಗಾಗಿ ಹಣ ವ್ಯಯಮಾಡಬೇಕಾದ ಕಾಲವು ಇನ್ನೂ ಬಂದಿಲ್ಲ. ಸೊಪ್ಪು, ಕಾಳು, ಹಣ್ಣು, ಸಾಕಷ್ಟು ನೀರು, ನಡಿಗೆ, ವೇಗವನ್ನು ತಡೆಹಿಡಿಯದಿರುವ ಅಭ್ಯಾಸ, ಇವುಗಳಿಂದ ಸಾಲದಿದ್ದರೆ ಇಸಬ್ಗೋಲು, ವೈದ್ಯರು ಸೂಚಿಸಿದ ಲ್ಯಾಕ್ಟುಲೋಸ್ ಅಥವಾ ಪಾಲಿಎಥಿಲೀನ್ ಗ್ಲೈಕಾಲ್, ಹೀಗೆ ಪರೀಕ್ಷೆಗೆ ನಿಂತ ಉಪಾಯಗಳು ಹಲವುಂಟು. ಮಾಂಸಖಂಡಗಳ ಬಿಗಿತವೇ ಕಾರಣವಾಗಿದ್ದರೆ ಔಷಧಕ್ಕಿಂತ ವ್ಯಾಯಾಮದ ತರಬೇತಿಯೇ ಹೆಚ್ಚು ಫಲಕೊಡುತ್ತದೆ. ಮಲದಲ್ಲಿ ರಕ್ತ ಕಂಡರೆ, ಕಾರಣವಿಲ್ಲದೆ ತೂಕ ಇಳಿದರೆ, ಐವತ್ತು ಕಳೆದಮೇಲೆ ಹೊಸದಾಗಿ ಮಲಬದ್ಧತೆ ತೊಡಗಿದರೆ, ಸಂಕೋಚವನ್ನು ಬಿಟ್ಟು ಕೂಡಲೇ ವೈದ್ಯರನ್ನು ಕಾಣಬೇಕು.